ಬೀಚಲ್ಲಿ ಐದು ಸಾವಿರ ವರ್ಷದ ಮರದ ಬೊಡ್ಡೆಗಳು, ಇವು ಯಾಕೆ ಕೊಳೆತಿಲ್ಲ? (ಜೊತೆಗೆ ಒಂದು ತಪ್ಪೊಪ್ಪಿಗೆ)

ಹಾಸನದ ಹುಡುಗ

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡಿದ್ದೆ, ಬರೀತಿರೋದು ಇದೇ ಫಸ್ಟು. ನಾನಿರೋದು ಬರ್ಮಿಂಗ್ಹ್ಯಾಮಲ್ಲಿ. ಹೋಳಿ ಹುಣ್ಣಿಮೆ ಟೈಮಲ್ಲಿ ಎರಡು ದಿನ ರಜಾ ಸಿಕ್ತು ಅಂತ ನಾನು, ನಮ್ಮನೇವ್ರು ಟ್ರೈನ್ ಹತ್ಕೊಂಡು ವೇಲ್ಸ್‌ನ ಪಶ್ಚಿಮ ಕರಾವಳಿಗೆ ಹೋಗಿದ್ವಿ, ಬೋರ್ತ್ ಅಂತ ಊರು. ಊರು ಅಂದ್ರೆ ಏನಿಲ್ಲ, ಒಂದೇ ಒಂದು ಉದ್ದನೆ ರಸ್ತೆ, ಈ ಕಡೆ ಸಮುದ್ರ, ಆ ಕಡೆ ಜೌಗು ನೆಲ, ಮಧ್ಯ ಮನೆಗಳು ಸಾಲಾಗಿ ನಿಂತಿದಾವೆ, ಜೋರಾಗಿ ಸೀನಿದ್ರೆ ಯಾವ್ದಾದ್ರೂ ಒಂದು ಕಡೆ ಬೀಳ್ತೀವಿ ಅನ್ನೋ ಹಂಗೆ.

ಮಧ್ಯಾಹ್ನ ಇಳಿತ ಇತ್ತು, ನೀರು ಎಲ್ಲೋ ದೂರ ಹೋಗಿತ್ತು. ಉತ್ತರದ ಕಡೆ ನಡೀತಾ ಹೋದ್ರೆ ಮರಳಲ್ಲಿ ಕಪ್ಪುಕಪ್ಪಾಗಿ ಏನೋ ಎದ್ದು ನಿಂತಿತ್ತು. ನಾನು ಮೊದ್ಲು ಪಾಚಿ ಹಿಡಿದ ಬಂಡೆ ಅನ್ಕೊಂಡೆ. ಹತ್ರ ಹೋದ್ರೆ ಮರದ ಬೊಡ್ಡೆ! ಒಂದಲ್ಲ ಎರಡಲ್ಲ, ಕಣ್ಣು ಹಾಯಿಸಿದಷ್ಟು ದೂರ. ಬೇರು ನಾಲ್ಕೂ ಕಡೆ ಹರಡ್ಕೊಂಡು ನೆಲ ಕಚ್ಚಿ ಹಿಡ್ಕೊಂಡಿದಾವೆ, ನಮ್ ಕಡೆ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಕಡಿದ್ಮೇಲೆ ಬೊಡ್ಡೆ ಉಳಿಯುತ್ತಲ್ಲ ಥೇಟ್ ಹಂಗೆ. ಬೊಡ್ಡೆಗಳ ಮಧ್ಯ ಕಂದು ಬಣ್ಣದ ನೆಲ, ಕೊಟ್ಟಿಗೆ ಗೊಬ್ಬರನ ಒತ್ತಿ ಒತ್ತಿ ಹಾಸಿದಂಗೆ, ಕಾಲಿಟ್ರೆ ಸ್ವಲ್ಪ ಮೆತ್ತಗೆ ಒಳಗೋಗುತ್ತೆ. ಅದರಲ್ಲಿ ಎಲೆ, ಕಡ್ಡಿ, ತೊಗಟೆ ಎಲ್ಲ ಗುರುತು ಸಿಗೋ ಹಂಗಿದೆ. ನಾಯಿ ಕರ್ಕೊಂಡು ಬಂದಿದ್ದ ಒಬ್ರು ಅಜ್ಜ ಹೇಳಿದ್ರು, ಇವು ಸತ್ತು ನಾಲ್ಕೂವರೆ ಸಾವಿರದಿಂದ ಆರು ಸಾವಿರ ವರ್ಷ ಆಯ್ತು, ಈ ಕಂದು ನೆಲಕ್ಕೆ ಪೀಟ್ ಅಂತಾರೆ, ಬಿರುಗಾಳಿ ಬಂದು ಮರಳು ಕಿತ್ಕೊಂಡು ಹೋದಾಗ ಮಾತ್ರ ಇಷ್ಟು ಕಾಣುತ್ತೆ ಅಂತ.

ಈಗ ಪ್ರಶ್ನೆ. ನಮ್ಮನೆ ಹಿತ್ತಲಲ್ಲಿ ಬಿದ್ದ ಹಲಸಿನ ಕೊಂಬೆ ಎರಡು ಮಳೆಗಾಲ ತಡೀದೆ ಪುಡಿ ಆಗುತ್ತೆ, ಇದು ಹೆಂಗ್ರೀ ಐದು ಸಾವಿರ ವರ್ಷ ಉಳೀತು? ಇದು ಕಲ್ಲಾಗಿರೋ ಪಳೆಯುಳಿಕೆನಾ, ಇಲ್ಲ ಇನ್ನೂ ಮರಾನೇನಾ? ಸಮುದ್ರ ಆವಾಗ ದೂರ ಇದ್ದು ಆಮೇಲೆ ಒಳಗೆ ಬಂತಾ? ನಮ್ ಕರಾವಳೀಲೂ ಇಂಥದ್ದು ಇದೆಯಾ? ಮತ್ತೆ ಇಷ್ಟು ಅಮೂಲ್ಯವಾದ್ದನ್ನ ಬೇಲಿ ಗೀಲಿ ಏನೂ ಇಲ್ದೆ ಹಂಗೇ ಬಿಟ್ಟಿದಾರಲ್ಲ, ಯಾಕೆ?

ತಪ್ಪೊಪ್ಪಿಗೆ ಏನಪ್ಪಾ ಅಂದ್ರೆ, ಸಡಿಲವಾಗಿ ಬಿದ್ದಿದ್ದ ಒಂದು ಗೇಣುದ್ದದ ತುಂಡನ್ನ ಜಾಕೆಟ್ ಜೇಬಲ್ಲಿ ಹಾಕ್ಕೊಂಡು ಬಂದ್ಬಿಟ್ಟಿದೀನಿ. ಕಿಟಕಿ ಹತ್ರ ಇಟ್ಟಿದ್ದೆ, ನಾಲ್ಕೇ ದಿನಕ್ಕೆ ಬಿರುಕು ಬಿಡೋಕೆ ಶುರು ಮಾಡಿದೆ, ಸುರುಟ್ಕೋತಿದೆ. ಏನ್ ಮಾಡ್ಲಿ?

---

ಕಲ್ಲುಮಣ್ಣು

ಮೊದ್ಲು ಆ ತುಂಡನ್ನ ನೀರಲ್ಲಿ ಹಾಕಿ. ಈಗ್ಲೇ. ಒಂದು ಡಬ್ಬೀಲಿ ನಲ್ಲಿ ನೀರು ತುಂಬಿ, ಪೂರ್ತಿ ಮುಳುಗೋ ಹಾಗೆ ಇಟ್ಟು, ಮುಚ್ಚಳ ಮುಚ್ಚಿ ಫ್ರಿಜ್ಜಲ್ಲಿಡಿ, ಆಮೇಲೆ ಬಂದು ಓದಿ.

ಇಟ್ರಾ? ಸರಿ.

ಇದು ಕಲ್ಲಾಗಿಲ್ಲ, ಮರಾನೇ. ಗರಗಸ ಹಾಕಿದ್ರೆ ಕುಯ್ಯಬಹುದು. ಮರ ಕೊಳೆಯೋದು ತನ್ನಷ್ಟಕ್ಕೆ ತಾನೇ ಅಲ್ಲ, ಶಿಲೀಂಧ್ರ, ಬ್ಯಾಕ್ಟೀರಿಯಾ, ಗೆದ್ದಲು ಇವೆಲ್ಲ ತಿಂದು ಕೊಳೆಸ್ತವೆ, ಅವುಗಳಲ್ಲಿ ಚುರುಕಾಗಿ ಕೆಲಸ ಮಾಡೋವಕ್ಕೆಲ್ಲ ಆಕ್ಸಿಜನ್ ಬೇಕು. ನಿಮ್ಮ ಹಿತ್ತಲ ಹಲಸಿನ ಕೊಂಬೆಗೆ ಒಂದು ದಿನ ಒದ್ದೆ ಒಂದು ದಿನ ಒಣಗು, ಗಾಳಿ ಬೇರೆ ಧಾರಾಳ, ಅದಕ್ಕಿಂತ ಕೆಟ್ಟ ಪರಿಸ್ಥಿತಿ ಮರಕ್ಕೆ ಇನ್ನೊಂದಿಲ್ಲ. ಆದ್ರೆ ಸದಾ ನೀರಲ್ಲಿ ನೆಂದು ಮೇಲೆ ಕೆಸರು ಮುಚ್ಕೊಂಡಿದ್ರೆ ಆಕ್ಸಿಜನ್ನೇ ಇಳಿಯಲ್ಲ. ನಮ್ಮಲ್ಲಿ ಬಾವಿ ತೋಡಿದಾಗ ತಳಕ್ಕೆ ನೆಲ್ಲಿ ಕೊರಡು ಹಾಕೋ ಪದ್ಧತಿ ಇತ್ತಲ್ಲ, ಅಜ್ಜನ ಕಾಲದ ಬಾವಿ ಹೂಳೆತ್ತುವಾಗ ಅದು ಗಟ್ಟಿಯಾಗೇ ಸಿಗುತ್ತೆ. ಅದೇ ಲೆಕ್ಕ.

ಬೋರ್ತ್ ಕಥೆ ಸ್ವಲ್ಪ ಉದ್ದ. ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆ ಹಿಮಯುಗ ಜೋರಾಗಿದ್ದಾಗ ಪ್ರಪಂಚದ ಸಮುದ್ರ ಮಟ್ಟ ಈಗಿಗಿಂತ ಹೆಚ್ಚುಕಮ್ಮಿ 120 ಮೀಟರ್ ಕೆಳಗಿತ್ತು. ಹಿಮ ಕರಗ್ತಾ ನೀರು ಏರ್ತಾ ಬಂತು, ಒಂದು ಆರೇಳು ಸಾವಿರ ವರ್ಷದ ಹಿಂದೆ ಏರೋ ವೇಗ ನಿಧಾನ ಆಯ್ತು. ನೀವು ನೋಡಿದ ಬೊಡ್ಡೆಗಳ ಕೆಳಗೆ ನೀಲಿ-ಬೂದು ಬಣ್ಣದ ಜೇಡಿ ಇರುತ್ತೆ, ಕೆಲವು ಕಡೆ ಪೀಟ್ ಕಿತ್ತೋದಲ್ಲಿ ಕಾಣುತ್ತೆ, ಅದು ಉಪ್ಪುನೀರಿನ ಅಳಿವೆ ಕೆಸರು. ಅಂದ್ರೆ ಕಾಡಿಗಿಂತ ಮುಂಚೆನೇ ಒಂದ್ಸಲ ಸಮುದ್ರ ಅಲ್ಲಿಗೆ ಬಂದಿತ್ತು! ಆಮೇಲೆ ಮುಂದೆ ಜಲ್ಲಿಕಲ್ಲಿನ ದಿಬ್ಬ ಅಡ್ಡ ಬೆಳೆದು ಉಪ್ಪುನೀರು ತಡೀತು, ಒಳಗೆ ಸಿಹಿನೀರಿನ ಜೌಗು ಆಯ್ತು, ಜೊಂಡು ಬಂತು, ಆಲ್ಡರ್ ಬಂತು, ನಂತರ ಪೈನ್, ಓಕ್, ಬರ್ಚ್, ಹೇಜೆಲ್ ಎಲ್ಲ ಸೇರಿ ಕಾಡಾಯ್ತು. ಆ ಕಾಡನ್ನ ಕೊಂದಿದ್ದು ಅಲೆ ಅಲ್ಲ, ಇದನ್ನ ಬಹಳ ಜನ ತಪ್ಪು ತಿಳ್ಕೋತಾರೆ. ಸಮುದ್ರ ಏರಿದ ಹಾಗೆ ಹಿಂದಿನ ನೆಲದ ಅಂತರ್ಜಲಾನೂ ಮೇಲೆ ಬಂತು, ಬೇರು ನೀರಲ್ಲಿ ಉಸಿರುಕಟ್ಟಿ ಮರಗಳು ನಿಂತಲ್ಲೇ ಸತ್ವು, ಕಾಂಡ ಮುರಿದು ಬಿತ್ತು, ಬುಡ ಮಾತ್ರ ಪೀಟೊಳಗೆ ಉಳೀತು. ಅಲೆ, ಮರಳು ಬಂದಿದ್ದು ಎಷ್ಟೋ ಕಾಲ ಆದ್ಮೇಲೆ.

ಪೀಟ್ ಅಂದ್ರೇನು ಅಂದ್ರೆ ಅರ್ಧಂಬರ್ಧ ಕೊಳೆತು ನಿಂತ ಸೊಪ್ಪುಸದೆ. ಒಂದು ಅಂದಾಜಿಗೆ ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತೆ ಅನ್ಕೊಳ್ಳಿ. ನೀವು ಹೇಳಿದ್ರಲ್ಲ ರಸ್ತೆಯ ಆ ಕಡೆ ಜೌಗು ಅಂತ, ಅದರ ಹೆಸರು ಕೋರ್ಸ್ ವೊಖ್ನೊ, ಅಲ್ಲಿ ಇವತ್ತಿಗೂ ಪೀಟ್ ಬೆಳೀತಾನೇ ಇದೆ. ನೀವು ಬೀಚಲ್ಲಿ ತುಳಿದದ್ದು ಅದೇ ಪೀಟಿನ ಸಮುದ್ರದ ಕಡೆ ಅಂಚು. ಮಧ್ಯದ ಜಲ್ಲಿ ದಿಬ್ಬ ಅಲೆ ಹೊಡೆತಕ್ಕೆ ವರ್ಷವರ್ಷ ಒಳಗೆ ಸರೀತಾ ಹಳೇ ಜೌಗಿನ ಮೇಲೆ ಹತ್ತಿ ಕೂತಿದೆ, ಊರು ಕೂತಿರೋದು ಅದರ ಮೇಲೆ.

ಬೇಲಿ ಯಾಕಿಲ್ಲ ಅಂತ ಕೇಳಿದ್ರಿ. ಮೂರು ಮೈಲಿ ಬೀಚಿಗೆ, ದಿನಕ್ಕೆರಡು ಸಲ ಮುಳುಗೋ ಜಾಗಕ್ಕೆ, ಎಂಥ ಬೇಲಿ ಹಾಕ್ತೀರಾ? ಕಾನೂನು ಪ್ರಕಾರ ಸಂರಕ್ಷಿತ ಪ್ರದೇಶ ಅದು, ಕಡ್ಡಿ ಕೂಡ ತರೋ ಹಾಗಿಲ್ಲ. ಬೈಯ್ತಾ ಇಲ್ಲ, ಹೇಳ್ದೆ ಅಷ್ಟೆ.

---

ತೊಕ್ಕೊಟ್ಟು ಬಸ್‌ಸ್ಟ್ಯಾಂಡ್

ಹಾಸನದವ್ರೇ, ಫೋಟೋ ಹಾಕಿ ಮಾರಾಯ್ರೆ, ಇಷ್ಟು ಬರ್ದು ಫೋಟೋ ಇಲ್ಲದಿದ್ರೆ ಎಂತ ಮಜಾ.

ನಮ್ಮ ಕರಾವಳಿ ಬಗ್ಗೆ ನಾನು ಹೇಳ್ತೇನೆ, ನಾನು ಹುಟ್ಟಿ ಬೆಳೆದದ್ದು ಉಳ್ಳಾಲದ ಹತ್ರ. ಮರಳು ಹೋಗಿ ಬರುವ ಆಟ ನಮ್ಗೂ ಉಂಟು, ಆದ್ರೆ ನಿಮ್ಮಲ್ಲಿ ಚಳಿಗಾಲದ ಬಿರುಗಾಳಿ ಮಾಡುವ ಕೆಲಸ ನಮ್ಮಲ್ಲಿ ಮಳೆಗಾಲ ಮಾಡ್ತದೆ. ಜೂನ್ ಜುಲೈಯಲ್ಲಿ ಕಡಲು ಬೀಚಿನ ಮರಳನ್ನೆಲ್ಲ ಎಳ್ಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಡಿ ದಿಬ್ಬ ಮಾಡಿ ಇಡ್ತದೆ, ನವರಾತ್ರಿ ಕಳೆದ ಮೇಲೆ ಸಣ್ಣ ಸಣ್ಣ ಅಲೆ ಅದನ್ನೇ ನಿಧಾನಕ್ಕೆ ವಾಪಸ್ ತಂದು ಹಾಕ್ತದೆ. ಹೋದದ್ದು ಅಷ್ಟೂ ವಾಪಸ್ ಬಂದ್ರೆ ತೊಂದ್ರೆ ಇಲ್ಲ, ಬರುದಿಲ್ಲ ಅಲ್ವಾ, ಅದೇ ಕಡಲ್ಕೊರೆತ. ನಮ್ಮ ದೊಡ್ಡಮ್ಮನ ಮನೆ ಎದುರು ನಾಲ್ಕು ಸಾಲು ತೆಂಗಿನಮರ ಇತ್ತು, ನಾನು ಏಳನೇ ಕ್ಲಾಸಿಗೆ ಬರುವಾಗ ಎರಡು ಸಾಲು, ಈಗ ಮನೆಯೂ ಇಲ್ಲ. ಕಂಟ್ರಾಕ್ಟರ್ ಒಬ್ಬ ಕಲ್ಲು ತಂದು ಸುರಿದ, ಒಂದೇ ಮಳೆಗಾಲಕ್ಕೆ ಕಲ್ಲು ಮರಳಲ್ಲಿ ಇಳಿದು ಕಾಣ್ಲಿಕ್ಕೂ ಇಲ್ಲ. ಆಮೇಲೆ ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲದಲ್ಲಿ ಕಡಲೊಳಗೆ ರೀಫ್, ಅಂದ್ರೆ ಅಲೆ ತಡೆಯುವ ದಿಬ್ಬ, ಎಲ್ಲ ಮಾಡಿದ್ರು. ನಿಮ್ಮ ಆ ಬೋರ್ತಲ್ಲೂ ಊರಿನೆದುರು ಕಡಲಲ್ಲಿ ಕಲ್ಲಿನ ರೀಫ್ ಹಾಕಿದ್ದಾರೆ ಅಂತ ಓದಿದ್ದೆ, ಹೌದಾ?

ಬೊಡ್ಡೆ ಮಾತ್ರ ನಾನು ನೋಡಿದ್ದಿಲ್ಲ. ತೆಂಗಿನ ಬುಡ ಬೇಕಾದಷ್ಟು ಉಂಟು, ಅದು ಮೊನ್ನೆ ಮೊನ್ನೆದ್ದು. ಕಲ್ಲುಮಣ್ಣು ಸರ್, ನಮ್ಮಲ್ಲಿ ಯಾಕೆ ಕಾಣುದಿಲ್ಲ?

---

ಕಲ್ಲುಮಣ್ಣು

ಮುಖ್ಯ ಕಾರಣ ಇಳಿತ. ಬೋರ್ತ್ ಇರೋ ಕಾರ್ಡಿಗನ್ ಕೊಲ್ಲೀಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಹೆಚ್ಚು ವ್ಯತ್ಯಾಸ, ಮಂಗಳೂರಲ್ಲಿ ಒಂದೂವರೆ ಮೀಟರ್ ಆಸುಪಾಸು. ಹಾಗಾಗಿ ಅಲ್ಲಿ ಸಮುದ್ರ ದಿನಕ್ಕೆರಡು ಸಲ ಚಾಪೆ ಸುತ್ತಿ ತೋರಿಸುತ್ತೆ, ನಮ್ಮಲ್ಲಿ ಅಂಚು ಮಾತ್ರ ಮಡಚುತ್ತೆ. ನಮ್ಮ ಕಡೆ ಇದ್ರೂ ನೀರಡಿ, ಕೆಸರಡಿ ಇರುತ್ತೆ, ಯಾರಾದ್ರೂ ಅಗೆದಾಗ್ಲೇ ಗೊತ್ತಾಗೋದು.

ಅಗೆದಾಗ ಸಿಕ್ಕಿದ್ದಕ್ಕೆ ಒಳ್ಳೇ ಉದಾಹರಣೆ ಮುಂಬೈ. 1870ರ ದಶಕದಲ್ಲಿ ಪ್ರಿನ್ಸೆಸ್ ಡಾಕ್ ಕಟ್ಟೋಕೆ ಅಗೆದಾಗ ಇಳಿತದ ಮಟ್ಟಕ್ಕಿಂತ ಕೆಳಗೆ ಒಂದು ಇಡೀ ಕಾಡು ಸಿಕ್ತು, 380ಕ್ಕೂ ಹೆಚ್ಚು ಮರ, ಅದರಲ್ಲಿ ಇನ್ನೂರಕ್ಕೂ ಹೆಚ್ಚು ಬೆಳೆದ ಹಾಗೇ ನೆಟ್ಟಗೆ ನಿಂತಿದ್ವು. ಬಹುಪಾಲು ಕಾಚಿನ ಮರ, ನಮ್ಮ ಕಡೆ ಕಗ್ಗಲಿ ಅಂತೀವಲ್ಲ ಅದು. ಕಗ್ಗಲಿ ಒಣನೆಲದ ಗಿಡ, ಮ್ಯಾಂಗ್ರೋವ್ ಅಲ್ಲ, ಉಪ್ಪುನೀರಲ್ಲಿ ಹುಟ್ಟೋದೇ ಇಲ್ಲ, ಅಂದ್ಮೇಲೆ ಆ ನೆಲ ಒಂದ್ಕಾಲದಲ್ಲಿ ಸಮುದ್ರಕ್ಕಿಂತ ಮೇಲಿತ್ತು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು. ಅಲ್ಲಿ ಬರೀ ಸಮುದ್ರ ಏರಿದ್ದಾ ಇಲ್ಲ ನೆಲಾನೂ ಕುಸಿದಿದ್ದಾ ಅಂತ ಭೂವಿಜ್ಞಾನಿಗಳು ಬಹಳ ಕಾಲ ಜಗಳ ಆಡಿದಾರೆ.

ಇನ್ನೊಂದು ಕೇರಳದ ಕುಟ್ಟನಾಡು. ಅಲ್ಲಿ ಕರಿ ನಿಲ ಅಂತ ಕಪ್ಪು ಮಣ್ಣಿನ ಗದ್ದೆಗಳಿದಾವೆ, ಉಳುವಾಗ ಹಳೇ ಮರದ ದಿಮ್ಮಿಗಳು ಸಿಗ್ತವೆ, ಅಲ್ಲಿನವರು ಕಂಡಮರಂ ಅಂತಾರೆ. ಆ ಮಣ್ಣಲ್ಲಿ ಗಂಧಕ ಇರುತ್ತೆ, ನೀರು ಬತ್ತಿ ಗಾಳಿ ತಾಗಿದ್ರೆ ಸಲ್ಫ್ಯೂರಿಕ್ ಆಸಿಡ್ ಆಗಿ ಬೆಳೆ ಸುಡುತ್ತೆ. ಹಾಸನದವ್ರೇ, ನಿಮ್ಮ ತುಂಡಿನ ಮೇಲೆ ಹಳದಿ-ಬಿಳಿ ಪುಡಿ ಏನಾದ್ರೂ ಕಂಡಿತ್ತಾ? ಅದೂ ಇದೇ ರಸಾಯನ. ಸ್ವೀಡನ್ನಿನ ವಾಸಾ ಹಡಗನ್ನ ಸಮುದ್ರದಿಂದ ಎತ್ತಿ ಅಷ್ಟು ಜೋಪಾನ ಮಾಡಿದ್ರೂ ದಶಕಗಳಾದ್ಮೇಲೆ ಇದೇ ಆಸಿಡ್ ಕಾಟ ಶುರುವಾಯ್ತು.

---

ಧಾರವಾಡ ಫೇಡೆ

ಎಲ್ಲಾ ಛಲೋ ಐತ್ರೀ, ಓದಾಕ ಮಜಾ ಬಂತು. ಒಂದ ಡೌಟ. ಸಮುದ್ರ ತನ್ನಷ್ಟಕ್ಕ ತಾನ 120 ಮೀಟರ್ ಏರೇತಿ ಅಂತೀರಿ, ಆವಾಗ ಕಾರೂ ಇದ್ದಿಲ್ಲ, ಫ್ಯಾಕ್ಟರಿನೂ ಇದ್ದಿಲ್ಲ. ಹಂಗಂದ್ರ ಈಗ ಕ್ಲೈಮೇಟ್ ಚೇಂಜ್ ಅಂತ ಬಡ್ಕೊಳ್ಳೋದು ಯಾಕ? ಇದು ನಿಸರ್ಗದ ಆಟ ಅಲ್ಲೇನ್ರಿ?

ಮತ್ತ ದ್ವಾರಕಾನೂ ಹಿಂಗ ಮುಳುಗಿತ್ತೇನು?

---

ಕಲ್ಲುಮಣ್ಣು

ದ್ವಾರಕೆ ಬಗ್ಗೆ ಬೇರೆ ಥ್ರೆಡ್ ಹಾಕಿ, ಇಲ್ಲಿ ಎತ್ತಿದ್ರೆ ನಾಳೆ ಬೆಳಗ್ಗೆ ಹೊತ್ತಿಗೆ 400 ಕಾಮೆಂಟ್ ಆಗಿ ಪೀಟ್ ಮತ್ತೆ ಮುಳುಗಿ ಹೋಗುತ್ತೆ.

ಮೊದಲನೇ ಪ್ರಶ್ನೆ ನ್ಯಾಯವಾದದ್ದೇ. ಹಿಮಯುಗದ ನಂತರ ಏರಿದ್ದು ಭೂಮಿಯ ಕಕ್ಷೆ, ಓಲಾಟ ಬದಲಾಗಿ ದೊಡ್ಡ ಹಿಮಗಡ್ಡೆಗಳು ಕರಗಿದ್ರಿಂದ, ಅದು ಸಾವಿರಾರು ವರ್ಷಗಳ ಕೆಲಸ. ಆಮೇಲೆ ಸುಮಾರು ಆರು ಸಾವಿರ ವರ್ಷ ಮಟ್ಟ ಹೆಚ್ಚುಕಮ್ಮಿ ಸ್ಥಿರವಾಗಿತ್ತು, ನಮ್ಮ ಬಂದರು, ಊರು, ದೇವಸ್ಥಾನ ಎಲ್ಲ ಕಟ್ಟಿದ್ದು ಆ ನೆಮ್ಮದಿ ನಂಬ್ಕೊಂಡು. ಕಳೆದ ನೂರು ವರ್ಷ ಚಿಲ್ಲರೆಯಲ್ಲಿ ಮತ್ತೆ ಸುಮಾರು 20 ಸೆಂಟಿಮೀಟರ್ ಏರಿದೆ, ಈಗ ವರ್ಷಕ್ಕೆ ಮೂರರಿಂದ ನಾಲ್ಕು ಮಿಲಿಮೀಟರ್ ಹಾಗೆ ಏರ್ತಿದೆ ಅಂತ ಸ್ಯಾಟಲೈಟ್ ಅಳತೆ. ಈ ಸಲ ಕಾವು ಕೊಡ್ತಿರೋರು ನಾವು. ಕಾಡಿಗೆ ಮೊದಲೂ ಬೆಂಕಿ ಬೀಳ್ತಿತ್ತು ಅಂತ ಈಗ ಬೆಂಕಿ ಕಡ್ಡಿ ಗೀರಿದವನು ಪಾರಾಗಲ್ಲ ಅಲ್ವಾ.

ಇನ್ನೊಂದು ವ್ಯತ್ಯಾಸ ಇದೆ. 2012ರಲ್ಲಿ ಬೋರ್ತ್ ಪೀಟ್ ಮೇಲೆ ಮನುಷ್ಯರ, ಪ್ರಾಣಿಗಳ ಹೆಜ್ಜೆ ಗುರುತು ಸಿಕ್ಕಿತ್ತು, ಅದರಲ್ಲಿ ನಾಲ್ಕು ವರ್ಷದ ಮಗುವಿನದ್ದೂ ಒಂದು. ಬೆಂಕಿಯಲ್ಲಿ ಕಾಯಿಸಿದ ಕಲ್ಲುಗಳೂ ಸಿಕ್ವು. ಹತ್ತಿರದಲ್ಲೇ ಕೊಂಬೆಗಳನ್ನ ಹಾಸಿ ಗೂಟ ಹೊಡೆದು ಮಾಡಿದ ಕಾಲುದಾರಿ, ಅದು ಕಾಡು ಸತ್ತಮೇಲಿನದ್ದು, ಮೂರರಿಂದ ನಾಲ್ಕು ಸಾವಿರ ವರ್ಷದ್ದು. ಅಂದ್ರೆ ನೆಲ ಒದ್ದೆ ಆಗ್ತಾ ಬಂದ ಹಾಗೆ ಆ ಜನ ಮೊದಲು ದಾರಿ ಹಾಸಿದ್ರು, ಅದೂ ಮುಳುಗಿದಾಗ ಗಂಟುಮೂಟೆ ಎತ್ಕೊಂಡು ಮೇಲಕ್ಕೆ ಹೋದ್ರು. ಈಗ ಬೋರ್ತಿನವರು ರೈಲು ಹಳಿ, ಪಂಪ್‌ಹೌಸು, ಬ್ಯಾಂಕ್ ಲೋನ್ ಇರೋ ಮನೆ ಹೊತ್ಕೊಂಡು ಎಲ್ಲಿಗೆ ಹೋಗ್ಬೇಕು? ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಫೇರ್‌ಬೋರ್ನ್ ಅಂತ ಊರಿದೆ, ಅದರ ತಡೆಗೋಡೆಯನ್ನ 2054ರ ಸುಮಾರಿಗೆ ಕೈಬಿಡೋದು ಅಂತ ಅಲ್ಲಿನ ಆಡಳಿತ ಹೇಳಿದ್ದೇ ತಡ ಮನೆಗಳ ಬೆಲೆ ಬಿತ್ತು, ಸಾಲ ಸಿಗೋದು ಕಷ್ಟ ಆಯ್ತು. ಸಮುದ್ರ ಇನ್ನೂ ಬಂದೇ ಇಲ್ಲ.

---

ಸೀತಾನದಿ ದಂಡೆ

ಯಾರೂ ಐತಿಹ್ಯ ಹೇಳ್ಲೇ ಇಲ್ವಲ್ಲ, ನಾನು ಅದಕ್ಕೇ ಕಾಯ್ತಿದ್ದೆ.

ಆ ಕೊಲ್ಲಿಯಡಿ ಒಂದು ರಾಜ್ಯ ಮುಳುಗಿದೆ ಅಂತ ವೇಲ್ಸ್ ಜನ ಹೇಳ್ತಾರೆ, ಹೆಸರು ಕಾಂತ್ರೆರ್ ಗ್ವೈಲೋದ್. ಹದಿನಾರು ಊರು, ಸುತ್ತ ಕಟ್ಟೆ, ಉಬ್ಬರ ಬಂದಾಗ ಮುಚ್ಚೋ ಬಾಗಿಲು, ರಾಜನ ಹೆಸರು ಗ್ವಿದ್ನೊ. ಬಾಗಿಲು ಕಾಯೋ ಸೈಥೆನಿನ್ ಒಂದು ರಾತ್ರಿ ಹಬ್ಬದೂಟದಲ್ಲಿ ಕುಡಿದು ಮಲಗಿಬಿಟ್ಟ, ಕಡಲು ನುಗ್ತು. ಈಗ್ಲೂ ಶಾಂತವಾಗಿದ್ದಾಗ ನೀರಡಿಯಿಂದ ಗಂಟೆ ಸದ್ದು ಕೇಳುತ್ತಂತೆ. 1250ರ ಸುಮಾರಿನ ಒಂದು ಹಸ್ತಪ್ರತಿಯಲ್ಲಿ ಬರೋ ಹಳೇ ರೂಪದಲ್ಲಿ ಕುಡುಕನ ಮೇಲೆ ಅಲ್ಲ, ಮೆರೆರಿದ್ ಅನ್ನೋ ಒಬ್ಬ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿದಾರೆ, ಅವಳು ನೀರಿನ ಊಟೆ ಕಾಯ್ತಿದ್ದೋಳು. ಎಲ್ಲಾ ಕಡೆ ಹೀಗೇ ನೋಡಿ.

ಇಳಿತದಲ್ಲಿ ಸಮುದ್ರದೊಳಕ್ಕೆ ಮೈಲಿಗಟ್ಟಲೆ ಕಲ್ಲಿನ ಸಾಲುಗಳು ಕಾಣ್ತವೆ, ಸಾರ್ನ್ ಅಂತಾರೆ, ಬೋರ್ತಿಂದ ಸ್ವಲ್ಪ ದಕ್ಷಿಣಕ್ಕೂ ಒಂದಿದೆ. ಜನ ಅದನ್ನೇ ಮುಳುಗಿದ ರಾಜ್ಯದ ಕಟ್ಟೆ ಅಂದ್ರು. ಅದು ಹಿಮನದಿ ತಳ್ಳಿ ತಂದು ಬಿಟ್ಟುಹೋದ ಕಲ್ಲು ಅನ್ನೋದು ಆಮೇಲೆ ಗೊತ್ತಾದದ್ದು. ಆದ್ರೆ ಒಂದು ಮಾತು, ಕಣ್ಣೆದುರು ಸಮುದ್ರದಲ್ಲಿ ಮರದ ಬುಡ ನಿಂತಿದೆ, ಕಲ್ಲಿನ ಸಾಲಿದೆ, ಇಲ್ಲಿ ನೆಲ ಇತ್ತು ಅಂತ ಆ ಜನ ಊಹಿಸಿದ್ದು ಸರಿಯಾಗೇ ಇತ್ತು. ಕುಡುಕ ಒಬ್ಬನೇ ಎಕ್ಸ್‌ಟ್ರಾ.

ನಮ್ಮ ಪರಶುರಾಮನ ಕಥೆ ಇದರ ಉಲ್ಟಾ ಅಲ್ವಾ? ಅವರ ಕಡಲು ನುಂಗಿತು, ನಮ್ಮ ಕಡಲು ಕೊಡಲಿಗೆ ಹೆದರಿ ಹಿಂದೆ ಹೋಯ್ತು. ಇದರಲ್ಲಿ ಒಂದು ತಮಾಷೆ ಇದೆ ಕೇಳಿ. ಹನ್ನೆರಡನೇ ಶತಮಾನದಲ್ಲಿ ಜೆರಾಲ್ಡ್ ಅಂತ ಒಬ್ಬ ಪಾದ್ರಿ 1188ರಲ್ಲಿ ವೇಲ್ಸ್ ಸುತ್ತಿ ಬರೆದಿಟ್ಟಿದಾನೆ, ರಾಜ ಎರಡನೇ ಹೆನ್ರಿ ಐರ್ಲೆಂಡಲ್ಲಿದ್ದ ಚಳಿಗಾಲ, ಅಂದ್ರೆ 1171-72ರಲ್ಲಿ, ನ್ಯೂಗೇಲ್ ಅನ್ನೋ ಬೀಚಲ್ಲಿ ಬಿರುಗಾಳಿ ಮರಳೆಲ್ಲ ಕಿತ್ತು ಹಾಕಿ ಸಮುದ್ರದಲ್ಲಿ ಮರದ ಬುಡಗಳು ಎದ್ವಂತೆ, ಅದರ ಮೇಲೆ ಕೊಡಲಿ ಏಟು ನಿನ್ನೆ ಹಾಕಿದ ಹಾಗೆ ಕಾಣ್ತಿತ್ತಂತೆ! ಅಲ್ಲೂ ಕೊಡಲಿ. ಪರಶುರಾಮ ಗೋಕರ್ಣಕ್ಕೆ ಬರೋ ಮುಂಚೆ ಅಲ್ಲಿ ಟ್ರಯಲ್ ಮಾಡಿದ್ನೇನೋ.

---

ತೊಕ್ಕೊಟ್ಟು ಬಸ್‌ಸ್ಟ್ಯಾಂಡ್

ಟ್ರಯಲ್ 😂😂 ನಕ್ಕು ನಕ್ಕು ಚಾ ಚೆಲ್ಲಿತು ಮಾರಾಯ್ರೆ

---

ಮ್ಯೂಸಿಯಂ ಮೂಲೆ

ಕೊಡಲಿ ಅಂದಿದ್ದಕ್ಕೆ ನೆನಪಾಯ್ತು, ಇಂಗ್ಲೆಂಡಿನ ಆ ಕಡೆ ತೀರದಲ್ಲಿ, ನಾರ್ಫೋಕ್‌ನ ಹೋಮ್ ಅನ್ನೋ ಊರಲ್ಲಿ, 1998ರಲ್ಲಿ ಇದೇ ತರ ಪೀಟ್ ಕೊರೆದು ಮರಳು ಸರಿದು ಒಂದು ಮರದ ವೃತ್ತ ಎದ್ದಿತು. ಸೀಹೆಂಜ್ ಅಂತ ಪೇಪರ್‌ನವರು ಹೆಸರಿಟ್ರು. ಸೀಳಿದ ಓಕ್ ಕಂಬ 55, ಮಧ್ಯದಲ್ಲಿ ಒಂದು ದೊಡ್ಡ ಓಕ್ ಬೊಡ್ಡೆ ತಲೆಕೆಳಗಾಗಿ, ಬೇರು ಆಕಾಶಕ್ಕೆ. ಮರದ ಉಂಗುರ ಎಣಿಸಿ ಕ್ರಿ.ಪೂ. 2049ರ ವಸಂತ-ಬೇಸಿಗೆಯಲ್ಲಿ ಕಡಿದದ್ದು ಅಂತ ಹೇಳಿದಾರೆ, ವರ್ಷ ಮಾತ್ರ ಅಲ್ಲ, ಋತುವೂ! ನಮ್ಮೂರ ಪಂಚಾಯ್ತಿ ಕಟ್ಟಡ ಯಾವ ವರ್ಷ ಕಟ್ಟಿದ್ದು ಅಂತ ನಮಗೆ ಗೊತ್ತಿಲ್ಲ. ಕಂಬಗಳ ಮೇಲಿನ ಏಟಿನ ಗುರುತು ನೋಡಿ ಐವತ್ತರಷ್ಟು ಬೇರೆ ಬೇರೆ ಕಂಚಿನ ಕೊಡಲಿ ಬಳಸಿದಾರೆ ಅಂತಾನೂ ಲೆಕ್ಕ ಹಾಕಿದ್ರು.

1999ರಲ್ಲಿ ಅದನ್ನ ಕೀಳೋಕೆ ಹೋದಾಗ ದೊಡ್ಡ ರಾದ್ಧಾಂತ. ಊರಿನ ಕೆಲವರು, ಪ್ರಕೃತಿ ಪೂಜೆ ಮಾಡೋ ಡ್ರೂಯಿಡ್ ಪಂಥದವರು, ಬಿಟ್ಬಿಡಿ ಅದನ್ನ, ಸಮುದ್ರ ಕೊಟ್ಟಿದ್ದು ಸಮುದ್ರ ತಗೊಳ್ಲಿ ಅಂತ ಅಡ್ಡ ನಿಂತ್ರು. ಬಿಟ್ಟಿದ್ರೆ ಕೊರೆಯೋ ಹುಳ, ಅಲೆ ಸೇರಿ ಮುಗಿಸ್ತಿದ್ವು. ಕೊನೆಗೆ ಕಿತ್ತು, ಸಿಹಿನೀರಿನ ತೊಟ್ಟಿಯಲ್ಲಿಟ್ಟು, ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ಮೇಣದಂಥ ವಸ್ತು ಕುಡಿಸಿ, ಫ್ರೀಜ್ ಮಾಡಿ ಒಣಗಿಸಿ, ವರ್ಷಗಟ್ಟಲೆ ಕೆಲಸ ಆದ್ಮೇಲೆ 2008ರಲ್ಲಿ ಕಿಂಗ್ಸ್ ಲಿನ್ ಊರಿನ ಮ್ಯೂಸಿಯಂನಲ್ಲಿ ಇಟ್ರು. ಹಾಸನದವ್ರ ತುಂಡು ನಾಲ್ಕು ದಿನಕ್ಕೆ ಸುರುಟ್ಕೊಂಡಿದ್ದು ಯಾಕಂದ್ರೆ ಮರದ ಜೀವಕೋಶದ ಗೋಡೆ ಅರ್ಧ ಸವೆದಿರುತ್ತೆ, ಒಳಗೆ ನೀರು ತುಂಬಿರೋದ್ರಿಂದ ಆಕಾರ ನಿಂತಿರುತ್ತೆ, ನೀರು ಹೋದ್ರೆ ನೆನೆದ ಹಪ್ಪಳ ಒಣಗಿದ ಹಾಗೆ. ಮೇಣ ಆ ನೀರಿನ ಜಾಗ ಹಿಡ್ಕೊಳ್ಳುತ್ತೆ.

ಅಲ್ಲೇ ಪಕ್ಕದಲ್ಲಿ ಎರಡನೇ ವೃತ್ತ ಒಂದಿತ್ತು, ಅದರ ಮರ ಕೂಡ ಅದೇ ವರ್ಷ ಕಡಿದದ್ದು ಅಂತ ಆಮೇಲೆ ಗೊತ್ತಾಯ್ತು. ಅದನ್ನ ಕೀಳಲಿಲ್ಲ. ಅಲ್ಲೇ ಬಿಟ್ರು, ನೋಡ್ತಾ ಅಳತೆ ತಗೋತಾ ಇದ್ರು, ಸಮುದ್ರ ತಿಂತು. ಯಾವುದು ಸರಿ ಅಂತ ನಂಗಂತೂ ಇವತ್ತಿಗೂ ತೀರ್ಮಾನ ಮಾಡೋಕಾಗಿಲ್ಲ. ನಾರ್ಫೋಕ್‌ನ ಹೇಸ್‌ಬ್ರೋ ಬೀಚಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ವರ್ಷ ಹಳೇ ಆದಿಮಾನವರ ಹೆಜ್ಜೆ ಗುರುತು 2013ರ ಮೇ ತಿಂಗಳಲ್ಲಿ ಕಂಡವು, ಆಫ್ರಿಕಾ ಬಿಟ್ರೆ ಅಷ್ಟು ಹಳೇದು ಬೇರೆಲ್ಲೂ ಇಲ್ಲ, ಎರಡು ವಾರದಲ್ಲಿ ಅಲೆ ಅಳಿಸಿ ಹಾಕ್ತು. ಮಳೇಲಿ ನಿಂತು ಫೋಟೋ ತೆಗೆದು ತ್ರೀಡಿ ಮಾಡಿಟ್ಕೊಂಡಿದ್ದೇ ಲಾಭ. ಕಂಡಿದ್ದು ಕೊರೆತದಿಂದ, ಹೋಗಿದ್ದೂ ಕೊರೆತದಿಂದ.

ಹಾಸನದವ್ರೇ, ನೀವು ಕಣ್ಣು ಹಾಯಿಸಿದಷ್ಟು ದೂರ ಬೊಡ್ಡೆ ಅಂತ ಖುಷಿಯಾಗಿ ಬರೆದಿದೀರಿ. 2014ರ ಬಿರುಗಾಳಿಗಳಾದಾಗ, ಆಮೇಲೆ 2019ರಲ್ಲಿ ಹ್ಯಾನಾ ಬಿರುಗಾಳಿ ಆದಾಗ ನ್ಯೂಸಲ್ಲೂ ಹೀಗೇ ಬಂದಿತ್ತು, ಹೊಸದಾಗಿ ಕಾಡು ಕಂಡಿತು ಅಂತ. ಎದ್ದಷ್ಟೂ ಅದು ಸವೀತಿದೆ. ಆ ಪೀಟಲ್ಲಿ ಬೆರಳು ತೂರೋಷ್ಟು ದುಂಡನೆ ತೂತುಗಳು ನೋಡಿದ್ರಾ? ಪಿಡಾಕ್ ಅನ್ನೋ ಕಪ್ಪೆಚಿಪ್ಪಿನ ಜಾತಿಯ ಜೀವಿದು, ಅದು ಕೊರೆದ ಮೇಲೆ ಅಲೆಗೆ ಕೆಲಸ ಸಲೀಸು.

---

ಧಾರವಾಡ ಫೇಡೆ

ಪೀಟ್ ಅಂದ್ರ ವಿಸ್ಕಿ ಒಳಗ ಹೊಗಿ ವಾಸನಿ ಬರ್ತೈತಲ್ರಿ ಅದಾ ಏನು? ಹಂಗಿದ್ರ ಆ ಬಾಗಲಾ ಕಾಯಾಂವ ಕುಡದು ಮಲಗಿದ್ದರಾಗ ಅರ್ಥ ಐತಿ ಬಿಡ್ರಿ.

(ಸಮುದ್ರದ ಉತ್ತರಾ ಒಪ್ಪಿದೆ ಸರ್. ಬೆಂಕಿ ಕಡ್ಡಿ ಮಾತು ಛಲೋ ಇತ್ತು.)

---

ಕಲ್ಲುಮಣ್ಣು

ಅದೇ ಪೀಟ್. ಸ್ಕಾಟ್ಲೆಂಡಲ್ಲಿ ಬಾರ್ಲಿ ಒಣಗಿಸೋಕೆ ಉರಿಸ್ತಾರೆ. ಬೋರ್ತ್ ಸುತ್ತ ಕೂಡ ಹಿಂದೆ ಜೌಗಿಂದ ಇಟ್ಟಿಗೆ ತರ ಕತ್ತರಿಸಿ ಒಣಗಿಸಿ ಒಲೆಗೆ ಹಾಕ್ತಿದ್ರು, ನಮ್ಮ ಬೆರಣಿ ಹಾಗೆ. ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆಯೋದನ್ನ ಒಂದು ಸಂಜೆಯ ಚಳಿ ಕಾಯಿಸೋಕೆ.

---

ಹಾಸನದ ಹುಡುಗ

ಎಲ್ರಿಗೂ ಥ್ಯಾಂಕ್ಸ್, ಒಂದು ಪ್ರಶ್ನೆ ಕೇಳಿದ್ರೆ ಇಷ್ಟು ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಹೌದು ತೊಕ್ಕೊಟ್ಟು ಅವ್ರೇ, ಊರೆದುರು ನೀರಲ್ಲಿ ಕಲ್ಲಿನ ರೀಫ್ ಇದೆ, ನಾನು ಅದನ್ನೂ ಹಳೇದೇನೋ ಅನ್ಕೊಂಡು ಫೋಟೋ ತೆಗೆದಿದ್ದೆ. ತೂತುಗಳೂ ಇದ್ವು, ನಾನು ಏಡಿ ಗೂಡು ಅನ್ಕೊಂಡೆ. ಹಳದಿ ಪುಡಿ ಸ್ವಲ್ಪ ಬಂದಿತ್ತು, ನಮ್ಮನೇವ್ರು ಬೂಷ್ಟು ಅಂತ ಒರೆಸಿ ಹಾಕಿದ್ರು.

ತುಂಡು ಈಗ ಫ್ರಿಜ್ಜಲ್ಲಿ ದೋಸೆ ಹಿಟ್ಟಿನ ಡಬ್ಬೀಲಿದೆ, ಸರಿಯಾದ ಸೈಜಿನ ಡಬ್ಬಿ ಬೇರೆ ಇರ್ಲಿಲ್ಲ. ಮನೇಲಿ ಇದರ ಬಗ್ಗೆ ಚರ್ಚೆ ನಡೀತಿದೆ. ಯುಗಾದಿ ಅಮಾವಾಸ್ಯೆಗೆ ಮತ್ತೆ ದೊಡ್ಡ ಇಳಿತ ಇದೆ, ಆವಾಗ ಹೋಗಿ ಎಲ್ಲಿಂದ ತಂದ್ನೋ ಅಲ್ಲೇ ಇಟ್ಟು ಬರೋಣ ಅಂತಿದೀನಿ, ಅದರಿಂದ ಏನಾದ್ರೂ ಪ್ರಯೋಜನ ಇದೆಯಾ?

---

ಮ್ಯೂಸಿಯಂ ಮೂಲೆ

ವಿಜ್ಞಾನಕ್ಕೆ ಏನೂ ಪ್ರಯೋಜನ ಇಲ್ಲ, ಒಮ್ಮೆ ಜಾಗ ಬಿಟ್ಟ ತುಂಡು ಅದು. ಆದ್ರೆ ನಾಣ್ಯ ಪಕ್ಕದಲ್ಲಿಟ್ಟು ಬೊಡ್ಡೆಗಳ ಫೋಟೋ ತೆಗೀರಿ, ತಾರೀಖು, ಲೊಕೇಶನ್ ಆನ್ ಇರ್ಲಿ, ಹೆಜ್ಜೆ ಗುರುತೋ ಗೂಟವೋ ಕಂಡ್ರೆ ಮುಟ್ಟದೆ ಅಲ್ಲಿನ ಪುರಾತತ್ವದವರಿಗೆ ಕಳಿಸಿ. ಇಂಥ ಎಷ್ಟೋ ವಿಷಯ ಮೊದಲು ಕಂಡಿರೋದು ಬೀಚಲ್ಲಿ ಸುಮ್ನೆ ತಿರುಗಾಡೋರಿಗೇ.

---

ತೊಕ್ಕೊಟ್ಟು ಬಸ್‌ಸ್ಟ್ಯಾಂಡ್

ಮತ್ತೆ ನೀರು ತಿರುಗುವ ಮೊದ್ಲು ವಾಪಸ್ ಬನ್ನಿ. ಬೊಡ್ಡೆ ನೋಡ್ತಾ ನೋಡ್ತಾ ಉಬ್ಬರ ಹಿಂದಿನಿಂದ ಬಂದದ್ದು ಗೊತ್ತಾಗುದಿಲ್ಲ.

---

ಹಾಸನದ ಹುಡುಗ

ಹೋಗಿ ಬಂದ್ವಿ. ಮೊದಲ ಸಲ ನೋಡಿದ ಜಾಗ ಗುರುತು ಹಿಡಿಯೋಕೇ ಅರ್ಧ ಗಂಟೆ ಆಯ್ತು, ಮರಳು ಆಗ್ಲೇ ವಾಪಸ್ ಬರ್ತಿದೆ, ಮುಕ್ಕಾಲು ಬೊಡ್ಡೆಗಳು ಮತ್ತೆ ಮುಚ್ಕೊಂಡಿವೆ, ತುದಿ ಮಾತ್ರ ಕಾಣ್ತಿವೆ. ನಾನು ತುಂಡು ತಗೊಂಡಿದ್ದ ಕಡೆ ಪೀಟ್ ಅಂಚು ಒಂದು ಮೊಳದಷ್ಟು ಕಿತ್ತೋಗಿದೆ, ಕೆಳಗೆ ಕಲ್ಲುಮಣ್ಣು ಸರ್ ಹೇಳಿದ ನೀಲಿ ಜೇಡಿ ಕಾಣ್ತಿತ್ತು, ಫೋಟೋ ಹಾಕ್ತೀನಿ. ಒಂದು ಕಡೆ ಹೇಜೆಲ್ ಕಾಯಿ ಸಿಪ್ಪೆ ಅರ್ಧ ಹೋಳು ಪೀಟಲ್ಲಿ ಸಿಕ್ಕೊಂಡಿತ್ತು, ಅಳಿಲು ತಿಂದಿದ್ದೋ ಮನುಷ್ಯ ತಿಂದಿದ್ದೋ, ಮುಟ್ಟಲಿಲ್ಲ, ಐವತ್ತು ಪೆನ್ಸ್ ನಾಣ್ಯ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ನಾಣ್ಯ ಅಲ್ಲೇ ಮರೆತು ಬಂದಿದೀನಿ, ಅದು ಯಾರಿಗೆ ಯಾವ ಕಾಲಕ್ಕೆ ಸಿಗುತ್ತೋ.

ತುಂಡನ್ನ ಒಂದು ಬೊಡ್ಡೆ ಬುಡದಲ್ಲಿ ಇಟ್ಟೆ. ಡಬ್ಬಿ ಮೂರು ಸಲ ಬಿಸಿನೀರಲ್ಲಿ ತೊಳೆದಿದೀನಿ, ಆದ್ರೂ ನಮ್ಮನೇವ್ರು ಅದಕ್ಕೆ ಇನ್ಮೇಲೆ ದೋಸೆ ಹಿಟ್ಟು ಹಾಕಲ್ಲ ಅಂತಿದಾರೆ.